ವಾಚನಾಲಯದ ಪಟ್ಟಿ: ದಿನಚರಿಯ ಕೆಲವು ಪುಟಗಳು

ಜನವರಿ 11, 2025, ಶನಿವಾರ

ವಾಚನಾಲಯ ನೋಡಿಕೊಳ್ಳುವ ಮೇಷ್ಟ್ರು ಕಳಿಸಿದ ಕಡತ ಬಂತು. ಊರಿನ ವಾಚನಾಲಯದ ಪುಸ್ತಕಪಟ್ಟಿ, ಎರಡು ಸಾವಿರಕ್ಕೂ ಮೇಲೆ ಸಾಲುಗಳಿವೆ. ಒಂದೊಂದಕ್ಕೂ ನೋಂದಣಿ ಸಂಖ್ಯೆ, ಶೀರ್ಷಿಕೆ, ಲೇಖಕರು, ವರ್ಷ, ಕಪಾಟು. ಜಾವಾಸ್ಕ್ರಿಪ್ಟಿನಲ್ಲಿ ಪ್ರತಿ ಪುಸ್ತಕವೂ ಒಂದು ಆಬ್ಜೆಕ್ಟ್, ಇಡೀ ಪಟ್ಟಿ ಒಂದು ಅರೇ. ಇಂಥ ಅರೇ ಕೈಗೆ ಬಂದಾಗ ಮಾಡುವ ಕೆಲಸಗಳು ಎಲ್ಲೆಲ್ಲೂ ಅವೇ: ಜೋಡಿಸುವುದು, ಗುಂಪು ಮಾಡುವುದು, ಎರಡೆರಡು ಸಲ ಸೇರಿದ್ದನ್ನು ಹೆಕ್ಕಿ ತೆಗೆಯುವುದು. ಇವನ್ನೆಲ್ಲ ಒಂದು ಪುಟ್ಟ ಕಡತದಲ್ಲಿ ನಾನೇ ಬರೆಯೋಣವೆಂದಿದ್ದೇನೆ. ಇದಕ್ಕೆ ಲೋಡ್ಯಾಶ್ ಎಂಬ ಲೈಬ್ರರಿ ಇದೆ, ನಿಜ. 2009ರಲ್ಲಿ ಅಂಡರ್‌ಸ್ಕೋರ್, 2012ರಲ್ಲಿ ಲೋಡ್ಯಾಶ್ ಬಂದಾಗ ಇವುಗಳಲ್ಲಿ ಎಷ್ಟೋ ಭಾಷೆಯಲ್ಲೇ ಇರಲಿಲ್ಲ. ಪಟ್ಟಿಗಳ ಬಗ್ಗೆ ಹೀಗೆ ಯೋಚಿಸುವುದನ್ನು ನಮ್ಮ ಕಾಲದ ಎಷ್ಟೋ ಜನ ಕಲಿತದ್ದು ಆ ಲೈಬ್ರರಿಗಳಿಂದ. ಆದರೆ ಕನ್ನಡದ ಅಕ್ಷರಕ್ರಮ ಲೋಡ್ಯಾಶಿನ ಸಾರ್ಟ್‌ಬೈಗೆ ಗೊತ್ತಿಲ್ಲ.

ಜೊತೆಗೊಂದು ಫೋಟೋ: ಯಾರೋ ಹಿಂದೆ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಹಳೆಯ ಪಟ್ಟಿ, ಅದರ ತುಂಬ ಕೆಂಪು ಶಾಯಿಯ ಗುರುತು. ರಾತ್ರಿ ಫೋನಿನಲ್ಲಿ ಮೇಷ್ಟ್ರು ಅಂದರು: "ನೋಡಮ್ಮಾ, 'ಬೆವರು' ಆಗಿ, 'ಬೆಸುಗೆ' ಆದಮೇಲೆ ತಾನೆ 'ಬೆಳಕು'? ಇದರಲ್ಲಿ ಬೆಳಕೇ ಮೊದಲು. ನಿಘಂಟು ನೋಡಿ ರೂಢಿಯಾದ ಹುಡುಗರು ಕೊನೇಲಿ ಹುಡುಕ್ತಾರೆ, ಪುಸ್ತಕ ಇಲ್ಲ ಅಂತ ವಾಪಸ್ ಹೋಗ್ತಾರೆ."

ಪುಸ್ತಕ ಕಪಾಟಿನಲ್ಲೇ ಇದ್ದೂ ಓದುವವರಿಗೆ ಇಲ್ಲವಾಗುವುದು ನನಗೆ ತಡೆಯಲಾಗದ ಸಂಗತಿ.

ಜನವರಿ 12, ಭಾನುವಾರ

ಸಾರ್ಟ್‌ಗೆ ಏನೂ ಹೇಳದೆ ಬಿಟ್ಟರೆ ಅದು ಎಲ್ಲವನ್ನೂ ಪಠ್ಯವೆಂದೇ ಭಾವಿಸಿ, ಅಕ್ಷರಗಳ ಯೂನಿಕೋಡ್ ಸಂಖ್ಯೆ ನೋಡಿ ಜೋಡಿಸುತ್ತದೆ. ನೋಂದಣಿ ಸಂಖ್ಯೆ 100 ಹೋಗಿ 20ರ ಮುಂದೆ ನಿಲ್ಲುವುದು ಇದರಿಂದಲೇ. ಕನ್ನಡಕ್ಕೆ ಬಂದರೆ ತೊಡಕು ಇನ್ನೂ ಆಳದ್ದು. ಯೂನಿಕೋಡಿನ ಭಾರತೀಯ ಲಿಪಿಗಳ ವಿಭಾಗಗಳು 1988ರ ಇಸ್ಕಿ ಎಂಬ ಲಿಪಿಸಂಕೇತ ಮಾನಕದ ಚೌಕಟ್ಟಿನಲ್ಲಿ ರೂಪುಗೊಂಡವು. ಎಲ್ಲ ಲಿಪಿಗಳಲ್ಲೂ ಒಂದೇ ಧ್ವನಿಯ ಅಕ್ಷರ ಒಂದೇ ಜಾಗದಲ್ಲಿರಲಿ ಎಂಬುದು ಅದರ ಏರ್ಪಾಡು. ಹೀಗಾಗಿ ನಮ್ಮ ಳ, ಲ ಅಕ್ಷರದ ಬೆನ್ನಿಗೇ ಬಂದು ಕೂತಿದೆ. ವ, ಶ, ಷ, ಸ, ಹ ಅದರ ನಂತರ. ಶಾಲೆಯಲ್ಲಿ ಹೇಳಿಕೊಟ್ಟ ವರ್ಣಮಾಲೆಯಲ್ಲಿ ಳ ಇರುವುದು ಹ ಆದಮೇಲೆ, ಕೊನೆಗೆ. ಇಸ್ಕಿಯ ಏರ್ಪಾಡಿಗೆ ಅದರದೇ ಉದ್ದೇಶವಿತ್ತು, ಅದು ಸರಿಯೇ. ಅಕ್ಷರದ ಸಂಖ್ಯೆಯನ್ನೇ ಅಕ್ಷರಕ್ರಮವೆಂದು ಹಿಡಿದದ್ದು ಸರಿಯಲ್ಲ.

ಪರಿಹಾರ ಭಾಷೆಯಲ್ಲೇ ಇದೆ, ಅದರ ಹೆಸರು ಇಂಟ್ಲ್ ಕೊಲೇಟರ್. ಕನ್ನಡವೆಂದು ಹೇಳಿ ಒಂದು ಕೊಲೇಟರ್ ಮಾಡಿಕೊಂಡರೆ ಳ ತನ್ನ ಜಾಗಕ್ಕೆ ಹೋಗುತ್ತದೆ. ಅದಕ್ಕೆ ನ್ಯೂಮೆರಿಕ್ ಎಂಬ ಆಯ್ಕೆಯನ್ನೂ ಕೊಟ್ಟರೆ 'ಸಂಪುಟ 2' ಆದಮೇಲೆ 'ಸಂಪುಟ 10' ಬರುತ್ತದೆ. ಒಂದರಲ್ಲಿ ಕನ್ನಡ ಅಂಕಿ ೨ ಇದ್ದು ಇನ್ನೊಂದರಲ್ಲಿ 10 ಇದ್ದರೂ ಎಡವುವುದಿಲ್ಲ. ಹಳೆಯ ಪುಸ್ತಕಗಳ ಸಂಪುಟ ಸಂಖ್ಯೆಗಳೆಲ್ಲ ಕನ್ನಡ ಅಂಕಿಯಲ್ಲೇ ಇರುವಾಗ ಇದು ಸಣ್ಣ ಉಪಕಾರವಲ್ಲ. ಕೊಲೇಟರ್ ಒಂದನ್ನೇ ಮಾಡಿಟ್ಟು ಮತ್ತೆ ಮತ್ತೆ ಬಳಸಬೇಕು. ಪ್ರತಿ ಹೋಲಿಕೆಗೂ ಹೊಸದನ್ನು ಮಾಡಿದರೆ ಸುಮ್ಮನೆ ನಿಧಾನ.

ಜನವರಿ 15, ಬುಧವಾರ

ಸಂಕ್ರಾಂತಿ ಮುಗಿಸಿ ಮತ್ತೆ ಪಟ್ಟಿಯ ಮುಂದೆ. ಇವತ್ತು ಎರಡೆರಡು ಸಲ ಸೇರಿದ್ದನ್ನು ತೆಗೆಯುವ ಯುನೀಕ್‌ಬೈ.

'ಕರ್ವಾಲೋ' ಎರಡು ಸಾಲಿನಲ್ಲಿದೆ. ನೋಂದಣಿ ಸಂಖ್ಯೆಯೂ ಒಂದೇ. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಆದರೂ ಜಾವಾಸ್ಕ್ರಿಪ್ಟ್ ಎರಡೂ ಬೇರೆ ಅನ್ನುತ್ತದೆ. ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಒಪ್ಪುತ್ತದೆ. ಸಾದಾ ಹೋಲಿಕೆ ಒಪ್ಪುವುದಿಲ್ಲ. ನಾರ್ಮಲೈಸ್ ಎಂಬ ಮೆಥಡ್ 2015ರಿಂದ ಭಾಷೆಯಲ್ಲಿದೆ. ಕೀಯನ್ನು ಮೊದಲು ಅದರಲ್ಲಿ ಹಾಯಿಸಿ, ಆಮೇಲೆ ಹೋಲಿಸಿದೆ. ಎರಡೂ ಒಂದಾದವು.

ಆದರೂ ಎಲ್ಲ ಜೋಡಿಗಳೂ ಸೇರಲಿಲ್ಲ. 'ರಾಜ್‌ಕುಮಾರ್' ಎಂದು ಬಿಡಿಸಿ ತೋರಿಸಲು ನಡುವೆ ಹಾಕುವ ಕಾಣದ ಗುರುತು, ಶೂನ್ಯ ಅಗಲದ ನಾನ್‌ಜಾಯ್ನರ್, ಕೆಲವೆಡೆ ಅನಗತ್ಯವಾಗಿ ಪದದ ಕೊನೆಗೂ ಅಂಟಿಕೊಂಡಿದೆ. ನಾರ್ಮಲೈಸ್ ಅದನ್ನು ಮುಟ್ಟುವುದಿಲ್ಲ. ಹೋಲಿಸುವ ಕೀಯಿಂದ ಮಾತ್ರ ಅದನ್ನು ತೆಗೆದೆ, ಶೀರ್ಷಿಕೆಯಿಂದ ತೆಗೆಯಲಿಲ್ಲ. ತೆಗೆದಿದ್ದರೆ ಒತ್ತಕ್ಷರ ಮೂಡಿ ಹೆಸರಿನ ರೂಪವೇ ಬದಲಾಗುತ್ತಿತ್ತು. ಹೋಲಿಸಲು ಬೇಕಾದ ರೂಪ ಬೇರೆ, ಓದಲು ಬೇಕಾದ ರೂಪ ಬೇರೆ. ಅದಕ್ಕೇ ನನ್ನ ಫಂಕ್ಷನ್‌ಗಳೆಲ್ಲ ಕೀಯ ಹೆಸರಿನ ಬದಲು ಕೀ ತೆಗೆದುಕೊಡುವ ಒಂದು ಫಂಕ್ಷನ್ನನ್ನು ಕೇಳುತ್ತವೆ.

ಜನವರಿ 19, ಭಾನುವಾರ

ಆಫೀಸಿನ ಹುಡುಗನೊಬ್ಬ ಕೇಳಿದ, ಇವನ್ನೆಲ್ಲ ಅರೇಯ ಪ್ರೊಟೊಟೈಪಿಗೇ ಸೇರಿಸಿದರೆ ಬರೆಯುವುದು ಸಲೀಸಲ್ಲವಾ ಅಕ್ಕಾ ಎಂದು. ಸಲೀಸೇ. ಆದರೂ ಬೇಡವೆಂದೆ. ಅವನಿಗೆ 2018ರ ಕಥೆ ಹೇಳಿದೆ. ಅರೇಗೆ ಫ್ಲಾಟನ್ ಎಂಬ ಮೆಥಡ್ ಸೇರಿಸಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ಮೊದಲೇ ಪ್ರೊಟೊಟೈಪಿಗೆ ಸೇರಿಸಿದ್ದರಿಂದ, ಅದನ್ನು ನಂಬಿದ ತಾಣಗಳು ಮುರಿಯುತ್ತಿದ್ದವು. ಕೊನೆಗೆ ಭಾಷೆಯೇ ತಗ್ಗಿ, ಹೆಸರನ್ನು ಫ್ಲಾಟ್ ಎಂದು ಬದಲಿಸಿಕೊಂಡಿತು. ಗುಂಪು ಮಾಡುವ ಗ್ರೂಪ್‌ಬೈಗೂ ಹೀಗೇ ಆಯಿತು. ಅಲ್ಲಿ ಅಡ್ಡ ಬಂದದ್ದು ಶುಗರ್ ಎಂಬ ಲೈಬ್ರರಿ. ಅದಕ್ಕೇ 2024ರ ಆವೃತ್ತಿಯಲ್ಲಿ ಗ್ರೂಪ್‌ಬೈ ಅರೇಯಲ್ಲಿಲ್ಲ, ಆಬ್ಜೆಕ್ಟ್ ಮತ್ತು ಮ್ಯಾಪ್‌ಗಳ ಹತ್ತಿರ ಇದೆ.

ಯಾರೂ ದುರಸ್ತಿ ಮಾಡದ ಹಳೆಯ ಪುಟವೂ ನಾಳೆ ತೆರೆದುಕೊಳ್ಳಬೇಕೆಂಬ ಈ ಹಟ ನನಗೆ ತುಂಬ ಹಿಡಿಸುತ್ತದೆ. ಯೂನಿಕೋಡಿನಲ್ಲೂ ಅದೇ ಹಟ. ಹಳಗನ್ನಡದ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ 'ಫ' ಎಂಬ ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬುದು ನಿಯಮ. ಹೆಸರು ಹಾಗೇ ಉಳಿಯಿತು, ಸರಿಯಾದದ್ದನ್ನು ಪರ್ಯಾಯವೆಂದು ಪಕ್ಕದಲ್ಲಿ ಸೇರಿಸಿದರು.

ಜನವರಿ 22, ಬುಧವಾರ

ವರ್ಷವಾರು ಗುಂಪು, ಹೊಸದು ಮೊದಲು: ಮೇಷ್ಟ್ರ ಅಪೇಕ್ಷೆ ಇದು. ಆಬ್ಜೆಕ್ಟ್ ಇದಕ್ಕೆ ಆಗಿಬರುವುದಿಲ್ಲ. ಪೂರ್ಣಾಂಕದಂತೆ ಕಾಣುವ ಕೀಗಳನ್ನು ಅದು ಯಾವಾಗಲೂ ಏರಿಕೆಯಲ್ಲೇ ಇಡುತ್ತದೆ. 1980 ಮೊದಲು, 1967 ಆಮೇಲೆ, 1936 ಕೊನೆಗೆ ಎಂದು ಸೇರಿಸಿದರೂ ತೆಗೆಯುವಾಗ 1936 ಮೊದಲಾಗುತ್ತದೆ. ಮ್ಯಾಪ್ ಸೇರಿಸಿದ ಕ್ರಮವನ್ನೇ ಉಳಿಸುತ್ತದೆ. ಹಾಗಾಗಿ ಮ್ಯಾಪ್.

ಗುಂಪಿನೊಳಗೆ ಲೇಖಕರು, ಲೇಖಕರೊಳಗೆ ಶೀರ್ಷಿಕೆ. ಮೊದಲು ಶೀರ್ಷಿಕೆ ಹಿಡಿದು ಜೋಡಿಸಿ, ಆಮೇಲೆ ಲೇಖಕರನ್ನು ಹಿಡಿದು ಜೋಡಿಸಿದರಾಯಿತು. ಸಮಾನವಾದವು ತಮ್ಮ ಹಿಂದಿನ ಕ್ರಮ ಬಿಡುವುದಿಲ್ಲ. ಈ ಭರವಸೆಯನ್ನು ಭಾಷೆ ಕೊಟ್ಟದ್ದು 2019ರಲ್ಲಿ. ಅದಕ್ಕೆ ಮುಂಚೆ ಕ್ರೋಮ್ ಹತ್ತಕ್ಕಿಂತ ಉದ್ದದ ಅರೇಗಳಲ್ಲಿ ಆ ಕ್ರಮ ಕದಡಿಬಿಡುತ್ತಿತ್ತು. 2018ರಲ್ಲಿ, 70ನೇ ಆವೃತ್ತಿಯಲ್ಲಿ, ಅದು ಸರಿಹೋಯಿತು.

ಜನವರಿ 26, ಭಾನುವಾರ. ಊರಿನಲ್ಲಿ

ವಾಚನಾಲಯದ ಕಂಪ್ಯೂಟರು ನೋಡಿದೆ. ವಿಂಡೋಸ್ 7. ಅದರಲ್ಲಿ ಓಡುವ ಕೊನೆಯ ಕ್ರೋಮ್ 109. ಮೂಲ ಪಟ್ಟಿಯನ್ನು ಕೆಡಿಸದೆ ಹೊಸ ಅರೇ ಜೋಡಿಸಿಕೊಡುವ ಟುಸಾರ್ಟೆಡ್ ಬಂದದ್ದು 110ರಲ್ಲಿ, ಗ್ರೂಪ್‌ಬೈ 117ರಲ್ಲಿ. ಟುಸಾರ್ಟೆಡ್ ಒಂದೇ ಒಂದು ಆವೃತ್ತಿಯ ಅಂತರದಲ್ಲಿ ತಪ್ಪಿದೆ. ಹೊಸ ಯಂತ್ರ ಕೊಳ್ಳಿ ಎಂದು ಇವರಿಗೆ ಹೇಳುವುದು ಸಾಧ್ಯವಿಲ್ಲ, ಹೇಳಬೇಕಾಗಿಯೂ ಇಲ್ಲ. ಸ್ಲೈಸ್ ಮಾಡಿ ನಕಲು ತೆಗೆದು ಆ ನಕಲನ್ನು ಸಾರ್ಟ್ ಮಾಡುವುದು ಒಂದು ಸಾಲು. ಮ್ಯಾಪಿಗೆ ಒಂದೊಂದಾಗಿ ತುಂಬುವ ಲೂಪು ಏಳೆಂಟು ಸಾಲು. ಕೊಲೇಟರ್ ಅಲ್ಲಿ ಮೊದಲೇ ಇದೆ. ಎಲ್ಲವೂ ಓಡಿದವು.

ನಕಲಿನ ಬಗ್ಗೆ ಮೇಷ್ಟ್ರಿಗೂ ಹೇಳಿದೆ: ಪಟ್ಟಿ ಹೊಸದು, ಒಳಗಿನ ಪುಸ್ತಕದ ಆಬ್ಜೆಕ್ಟ್‌ಗಳು ಹಳೆಯವೇ, ಜೋಡಿಸಿದ ಪಟ್ಟಿಯಲ್ಲಿ ಒಂದು ಹೆಸರು ತಿದ್ದಿದರೆ ಮೂಲದಲ್ಲೂ ತಿದ್ದಿದಂತೆಯೇ. "ಒಳ್ಳೇದೇ ಆಯ್ತಲ್ಲಮ್ಮಾ, ಎರಡು ಕಡೆ ತಿದ್ದೋದು ತಪ್ಪಿತು" ಎಂದರು. ಅವರ ಕೆಲಸಕ್ಕೆ ನಿಜಕ್ಕೂ ಒಳ್ಳೆಯದೇ.

ಆಮೇಲೆ ಅವರೇ ಒಂದು ಗಟ್ಟಿ ಪ್ರಶ್ನೆ ಎತ್ತಿದರು. ಇಬ್ಬರು ಸಂಪಾದಕರಿರುವ ಪುಸ್ತಕ ಇಬ್ಬರ ಹೆಸರಿನಡಿಯೂ ಸಿಗಬೇಡವೆ? ಗ್ರೂಪ್‌ಬೈ ಒಂದು ವಸ್ತುವನ್ನು ಒಂದೇ ಗುಂಪಿಗೆ ಹಾಕುತ್ತದೆ, ಭಾಷೆಯದ್ದೂ ನನ್ನದೂ ಹಾಗೆಯೇ. ಸಂಪಾದಕರ ಹೆಸರುಗಳನ್ನು ಅರೇಯಾಗಿ ಪಡೆದು, ಪ್ರತಿ ಹೆಸರಿಗೂ ಅದೇ ಪುಸ್ತಕವನ್ನು ತೋರಿಸುವ ಬೇರೆಯೇ ಫಂಕ್ಷನ್ ಬೇಕು. ಇದ್ದ ಗ್ರೂಪ್‌ಬೈಗೇ ಈ ಹೊರೆ ಹೊರಿಸಿದರೆ ಗುಂಪುಗಳ ಮೊತ್ತ ಪುಸ್ತಕಗಳ ಮೊತ್ತಕ್ಕೆ ತಾಳೆಯಾಗುವುದಿಲ್ಲ, ವರ್ಷಾಂತ್ಯದ ಎಣಿಕೆಗೆ ಮೇಷ್ಟ್ರು ನಂಬಿರುವುದು ಆ ತಾಳೆಯನ್ನೇ. ಹೊಸ ಫಂಕ್ಷನ್ನನ್ನು ಸದ್ಯ 'ಪ್ರತಿಹೆಸರಿಗೂ' ಎಂದು ಕರೆದಿದ್ದೇನೆ. ಲೇಖಕರ ಕಾಲಮ್ಮಿನಲ್ಲಿ ಹೆಸರುಗಳ ನಡುವೆ ಕೆಲವೆಡೆ ಅಲ್ಪವಿರಾಮ, ಕೆಲವೆಡೆ 'ಮತ್ತು' ಇದೆ. ಬಿಡಿಸುವ ಮೊದಲು ಎಲ್ಲ ಕಡೆ ಅಲ್ಪವಿರಾಮ ಮಾಡಿಕೊಡುವುದಾಗಿ ಮೇಷ್ಟ್ರು ಒಪ್ಪಿದ್ದಾರೆ.