ಹಿತ್ತಲ ಗಿಡಕ್ಕೆ ಮೂರು ಕಾನೂನು



ಕಾನೂನು ಎಂದೊಡನೆ ಕೊಚ್ಚಿಯಲ್ಲಿ ಬೆಳೆದ ನಿಮಗೆ ಎರ್ನಾಕುಳಂನ ಹೈಕೋರ್ಟು, ಕರಿಕೋಟು ನೆನಪಾಗುವುದು ಸಹಜ. ಬಿ.ಎ. ಇಂಗ್ಲಿಷ್ ಓದಿದ ಗೃಹಿಣಿ ನಾನು, ಕಾನೂನು ಪಂಡಿತೆಯಲ್ಲ. ಆದರೂ ಪುಸ್ತಕದಲ್ಲಿ ಬರೆಯದ ಕಾನೂನನ್ನು ಬಾಲ್ಯದಲ್ಲೇ ಕಂಡಿದ್ದೇನೆ. ನಮ್ಮೂರಿನಲ್ಲಿ ಕಾಮಾಲೆಗೆ ಮದ್ದು ಕೊಡುವ ಅಜ್ಜನೊಬ್ಬರಿದ್ದರು. ಗಿಡದ ಹೆಸರು ಹೇಳರು, ಹಣ ಮುಟ್ಟರು, ನಡುರಾತ್ರಿ ಕರೆದರೂ ಇಲ್ಲವೆನ್ನರು. ಗುಟ್ಟು ಬಲ್ಲವನಿಗೆ ಊರಿನ ಹೊಣೆಯೂ ಉಂಟು ಎಂಬುದೇ ಅಲ್ಲಿಯ ಕಟ್ಟಳೆ.

ಇಂಥದೇ ಕಟ್ಟಳೆಗೆ ದೊಡ್ಡ ಪರೀಕ್ಷೆ ಬಂದದ್ದು ತಿರುವನಂತಪುರ ಜಿಲ್ಲೆಯಲ್ಲಿ. ಅಗಸ್ತ್ಯಕೂಡಂ ಬೆಟ್ಟಗಳ ಕಾಣಿ ಬುಡಕಟ್ಟಿನಲ್ಲಿ ಮದ್ದಿನ ವಿದ್ಯೆ 'ಪ್ಲಾತಿ' ಎಂಬ ವೈದ್ಯರಿಗೆ ಸೇರಿದ್ದು. ಹೊರಗಿನವರಿಗೆ ಹೇಳಬಾರದೆಂಬುದು ಸಂಪ್ರದಾಯ. 1987ರಲ್ಲಿ ಡಾ. ಪಿ. ಪುಷ್ಪಾಂಗದನ್ ಅವರ ತಂಡ ಆ ಕಾಡಿಗೆ ಹೋದಾಗ, ದಾರಿ ತೋರಿಸುತ್ತಿದ್ದ ಕಾಣಿಗಳು ಯಾವುದೋ ಹಣ್ಣು ತಿನ್ನುತ್ತ ದಣಿವಿಲ್ಲದೆ ಬೆಟ್ಟವೇರುತ್ತಿದ್ದರಂತೆ. ಬಹಳ ಕೇಳಿಕೊಂಡ ಮೇಲೆ ಗಿಡ ತೋರಿಸಿದರು. ಅದೇ 'ಆರೋಗ್ಯಪಚ್ಚ'. ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಅದರ ಎಲೆಯಿಂದ 'ಜೀವನಿ' ಎಂಬ ಔಷಧ ರೂಪಿಸಿ, 1995ರಲ್ಲಿ ಕೊಯಮತ್ತೂರಿನ ಆರ್ಯವೈದ್ಯ ಫಾರ್ಮಸಿಗೆ ತಯಾರಿಕೆಯ ಪರವಾನಗಿ ನೀಡಿತು. ಶುಲ್ಕ 10 ಲಕ್ಷ ರೂಪಾಯಿ, ಮಾರಾಟದ ಮೇಲೆ ಶೇಕಡಾ 2 ರಾಯಧನ. ಅದರಲ್ಲಿ ಅರ್ಧ ಪಾಲು ಕಾಣಿಗಳಿಗೆ ಎಂದು ನಿರ್ಧಾರವಾಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದೆಂದು ತಿಳಿದ ಮೇಲೆ ಹಿತ್ತಲು ಯಾರದೆಂಬ ಪ್ರಶ್ನೆ ಏಳುತ್ತದೆ! ಬೆಟ್ಟದಲ್ಲಿ ಚದುರಿದ ಹಾಡಿಗಳ ಜನರಿಗೆಲ್ಲ ಸೇರಿ ಒಂದು ಸಹಿಯಿಲ್ಲ, ಬ್ಯಾಂಕ್ ಖಾತೆಯಿಲ್ಲ. ಹಣ ಪಡೆಯಲು 1997ರಲ್ಲಿ ಟ್ರಸ್ಟ್ ನೋಂದಾಯಿಸಬೇಕಾಯಿತು. ಎಲೆ ಕೊಯ್ಯಲು ಹೋದರೆ ಅರಣ್ಯ ಕಾನೂನು ಅಡ್ಡ ಬಂತು. ಇನ್ನು ಕೆಲವು ಪ್ಲಾತಿಗಳು, ಎಲ್ಲರ ಗುಟ್ಟನ್ನು ಹೇಳಲು ಇಬ್ಬರು ಮೂವರಿಗೆ ಅಧಿಕಾರ ಕೊಟ್ಟವರಾರು ಎಂದು ಆಕ್ಷೇಪಿಸಿದರು. ಗಿಡ ಒಂದೇ, ಬುಡಕಟ್ಟಿನ ಕಟ್ಟಳೆ, ಅರಣ್ಯ ಕಾನೂನು, ವ್ಯಾಪಾರದ ಕರಾರು ಮೂರೂ ಅದರ ಮೇಲೆ. ಮಾನವಶಾಸ್ತ್ರಜ್ಞರು ಇದನ್ನೇ ಕಾನೂನು ಬಹುತ್ವ ಎನ್ನುವುದು.

ಮುಂದೆ 2002ರ ಜೀವವೈವಿಧ್ಯ ಕಾಯಿದೆ ಲಾಭ ಹಂಚಿಕೆಗೆ ದಾರಿ ಮಾಡಿತು. 2006ರ ಅರಣ್ಯ ಹಕ್ಕು ಕಾಯಿದೆ ಸಾಂಪ್ರದಾಯಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಒಪ್ಪಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ಪಡೆದದ್ದೂ ಈ ಕಾಯಿದೆಯ ಬಲದಿಂದಲೇ. ಆದರೆ ಸಮುದಾಯದ ಪರವಾಗಿ ಹೂಂ ಎನ್ನಬೇಕಾದವರು ಯಾರೆಂಬುದನ್ನು ಆ ಸಮುದಾಯದ ಕಟ್ಟಳೆಯಿಂದಲೇ ತಿಳಿಯಬೇಕು.

ನಿಮ್ಮಲ್ಲಿ ಹಲವರು ಔಷಧ ವಿಜ್ಞಾನ, ಕಾನೂನು, ಸಂಶೋಧನೆ ಎಂದು ಓದುತ್ತಿದ್ದೀರಿ. ನಾಳೆ ಯಾವುದೋ ಹಾಡಿಯಲ್ಲಿ ಒಪ್ಪಿಗೆ ಪತ್ರ ಹಿಡಿದು ನೀವೇ ಕೂರಬಹುದು. ಸಹಿ ಹಾಕಿಸಿಕೊಳ್ಳುವ ಮುನ್ನ, "ಇದನ್ನು ಹೇಳಲು ನಿಮ್ಮವರಲ್ಲಿ ಯಾರನ್ನು ಕೇಳಬೇಕು?" ಎಂದು ವಿಚಾರಿಸಿರಿ. ಉತ್ತರ ಬರುವ ತನಕ ಲೇಖನಿ ಜೇಬಿನಲ್ಲೇ ಇರಲಿ.