ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ನಮ್ಮ ಕಡೆಯ ಚರ್ಚುಗಳಲ್ಲಿ ಪ್ರಸಂಗ ಉದ್ದವಾದರೆ ಎಲ್ಲರ ಕಣ್ಣೂ ಮೇಲೆ ಹೋಗುತ್ತವೆ. ಪರಲೋಕ ನೋಡಲಿಕ್ಕಲ್ಲ, ಫ್ಯಾನ್ ನೋಡಲಿಕ್ಕೆ. ವಳಕಮದಿನ್ನಿ, ಮಸ್ಕಿ, ಸಿಂಧನೂರು, ಲಿಂಗಸುಗೂರು ಸುತ್ತಿನ ಬಿಸಿಲಿಗೆ ಏಪ್ರಿಲ್ ತಿಂಗಳಲ್ಲಿ ಭಕ್ತಿಯೊಂದೇ ಸಾಲುವುದಿಲ್ಲ. ಕರೆಂಟ್ ಹೋಗಿ ಫ್ಯಾನ್ ನಿಂತಾಗ ರೆಕ್ಕೆಯ ಮೇಲಿನ ಅಕ್ಷರ ಓದಲು ಸಿಗುತ್ತವೆ. ಒಂದು ರೆಕ್ಕೆಯಲ್ಲಿ ದಾನಿಯ ಹೆಸರು, ಇನ್ನೊಂದರಲ್ಲಿ ತೀರಿಹೋದ ಅಪ್ಪನ ಹೆಸರು, ಮೂರನೆಯದರಲ್ಲಿ ಇಸವಿ. ಕೆಂಪು ಪೇಂಟು, ಸೊಟ್ಟ ಅಕ್ಷರ, ಅಂಚಿಗೆ ಧೂಳು.

ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂದು ಯೇಸು ಹೇಳಿದ್ದನ್ನು ಬಲ್ಲ ನಾಲ್ಕಕ್ಷರ ಕಲಿತವರು ಈ ರೆಕ್ಕೆಗಳನ್ನು ನೋಡಿ ನಗುತ್ತಾರೆ. ನಗುವವರು ಮೈಕಿನ ಮುಂದೆ ನಿಂತಾಗ ಮಾತ್ರ ಕೇಳಬೇಕು. ‘ನಂದೇನೈತ್ರಿ, ನಾನು ಬರೇ ಮಣ್ಣು, ಎಲ್ಲಾ ಆತನ ಕೃಪಾ’ ಎಂದು ಶುರು ಮಾಡಿ, ತಾವು ಕಟ್ಟಿಸಿದ ಕಾಂಪೌಂಡು, ತಂದ ಗ್ರ್ಯಾಂಟು, ಓದಿಸಿದ ಹುಡುಗರು ಎಲ್ಲವನ್ನೂ ಒಂದೂ ಬಿಡದೆ ಹೇಳಿ, ಕೊನೆಗೆ ಮತ್ತೆ ಮಣ್ಣಿಗೇ ಬರುತ್ತಾರೆ. ಕೇಳಿದವರಲ್ಲಿ ಯಾರಾದರೂ ‘ಹೌದ್ರಿ, ನೀವು ಮಣ್ಣೇ’ ಎಂದುಬಿಟ್ಟರೆ ಮುಂದಿನ ಭಾನುವಾರ ಮೈಕಿನವರು ಬೇರೆ ಚರ್ಚಿನಲ್ಲಿರುತ್ತಾರೆ. ಫ್ಯಾನಿನ ಹೆಸರಿಗಿಂತ ಈ ಮಣ್ಣು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಹೆಸರು ಬರೆಸಿದವನ ಆಸೆ ಕಣ್ಣಿಗೆ ಕಾಣುತ್ತದೆ. ಮಣ್ಣಿನದು ಕಾಣುವುದಿಲ್ಲ.

ದೀನತೆಗೂ ಪೈಪೋಟಿ ಇರುತ್ತದೆ. ಪವಿತ್ರ ಗುರುವಾರದ ಸಂಜೆ ಕಥೋಲಿಕ ಚರ್ಚುಗಳಲ್ಲಿ ಗುರುಗಳು ಮೊಣಕಾಲೂರಿ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಆ ಹನ್ನೆರಡರಲ್ಲಿ ತನ್ನ ಹೆಸರಿಲ್ಲ ಎಂದು ಮುನಿಸಿಕೊಂಡು ಈಸ್ಟರ್‌ವರೆಗೆ ಮಾತು ಬಿಟ್ಟವರನ್ನು ನೋಡಿದ್ದೇನೆ. ಆಯ್ಕೆಯಾದವರದು ಇನ್ನೊಂದು ಸಡಗರ. ಹೊಲದಿಂದ ಬೇಗ ಬಂದು, ಕಲ್ಲಿನಿಂದ ಹಿಮ್ಮಡಿ ತಿಕ್ಕಿ, ಸೋಪು ಹಚ್ಚಿ ತೊಳೆದು, ಒಡಕಿಗೆ ಕೊಬ್ಬರಿ ಎಣ್ಣೆ ಸವರಿ, ಒಗೆದ ಧೋತರ ಉಟ್ಟು ಬರುತ್ತಾರೆ. ಗುರುಗಳ ಪಾಲಿಗೆ ತೊಳೆಯಲು ಏನೂ ಉಳಿದಿರುವುದಿಲ್ಲ. ಎರೆಮಣ್ಣು ಮೆತ್ತಿದ ಕಾಲನ್ನು ಹಾಗೇ ಚಾಚುವುದು ಎಷ್ಟು ಕಷ್ಟ ಎಂಬುದು ಅಲ್ಲಿ ಗೊತ್ತಾಗುತ್ತದೆ. ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳಲು ಹೆಚ್ಚು ತಗ್ಗಬೇಕು. ಯೇಸು ತನ್ನ ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಮೊದಲು ಒಪ್ಪಲಿಲ್ಲವಲ್ಲ.

ಆದರೆ ‘ತಗ್ಗಿ’ ಎಂದು ಎಲ್ಲರಿಗೂ ಒಂದೇ ಉಸಿರಿನಲ್ಲಿ ಬೋಧಿಸುವುದಕ್ಕೆ ನನ್ನ ತಕರಾರಿದೆ. ಮುದಗಲ್ಲಿನಲ್ಲಿ ಗೋವೆಯಿಂದ ಬಂದ ಪಾದ್ರಿಗಳ ಕಾಲದ, ನಾಲ್ಕು ಶತಮಾನದ ಹಳೆಯ ಕ್ರೈಸ್ತ ಕೇರಿಯಿದೆ. ಅದನ್ನು ಬಿಟ್ಟರೆ ಈ ಭಾಗದ ಊರುಗಳಲ್ಲಿ ಕ್ರಿಸ್ತನನ್ನು ನಂಬಿದವರು ಬಹುಪಾಲು ದಲಿತರು. ಅವರ ತಾತಂದಿರು ಗೌಡರ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಅವರಿಗೆ ಬಾಗುವುದನ್ನು ಚರ್ಚು ಕಲಿಸಬೇಕಾಗಿಲ್ಲ, ಊರೇ ಕಲಿಸಿದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆದ ಬಾಗಿಲು ಇವರಿಗೆ ತೆರೆದಿಲ್ಲ. ಹೀಗಾಗಿ ಎಷ್ಟೋ ಮಂದಿ ಎರಡು ಹೆಸರು ಹೊತ್ತು ಬದುಕುತ್ತಾರೆ. ರೇಷನ್ ಕಾರ್ಡಿನಲ್ಲಿ ಹುಲಿಗೆಪ್ಪ, ಭಾನುವಾರ ಯೋಹಾನಪ್ಪ. ಅಂಥವರೊಬ್ಬರು ಒಮ್ಮೆ ಮೇಲಿನ ಫ್ಯಾನಿಗೆ ಬೆರಳು ತೋರಿಸಿ, ‘ನಮ್ಮಪ್ಪನ ಈ ಹೆಸ್ರು ಇಲ್ಲಷ್ಟೇ ಬರದೈತಿ ನೋಡ್ರಿ’ ಎಂದರು. ಅದನ್ನು ಅಹಂಕಾರ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಬಾಗಿಸಿದ ತಲೆ ಬೇರೆ, ಬಾಗಿದ ತಲೆ ಬೇರೆ. ಯೋಹಾನನ ಸುವಾರ್ತೆಯಲ್ಲಿ ಪಾದ ತೊಳೆಯುವ ಪ್ರಸಂಗವನ್ನು ಗಮನವಿಟ್ಟು ಓದಿದರೆ, ತಾನು ಎಲ್ಲಿಂದ ಬಂದವನು, ಎಲ್ಲಿಗೆ ಹೋಗುವವನು ಎಂಬುದನ್ನು ಯೇಸು ಬಲ್ಲವನಾಗಿದ್ದ ಎಂಬ ಮಾತು ಮೊದಲು ಬರುತ್ತದೆ. ನಡುವಿಗೆ ಟವೆಲ್ ಕಟ್ಟಿದ್ದು ಆಮೇಲೆ. ತಾನು ಯಾರೆಂದು ಗೊತ್ತಿದ್ದವನು ಕೆಳಗೆ ಕೂತ. ಗೊತ್ತಿಲ್ಲದವನನ್ನು ಕೆಳಗೆ ಕೂರಿಸಿದರೆ ಅದು ದಬ್ಬಾಳಿಕೆ.

ತಾನು ಯಾರೆಂದು ಬಲ್ಲ ದೀನತೆ ಎಂದಾಗ ರೆವರೆಂಡ್ ಉತ್ತಂಗಿ ಚೆನ್ನಪ್ಪನವರ ನೆನಪಾಗುತ್ತದೆ. ಬಾಸೆಲ್ ಮಿಷನ್ನಿನ ಪಾದ್ರಿ, ಸರ್ವಜ್ಞನ ವಚನಗಳನ್ನು ಹುಡುಕಿ 1924ರಲ್ಲಿ ಅಚ್ಚು ಹಾಕಿಸಿದವರು. ತಿರುಳ್ಗನ್ನಡದ ತಿರುಕ ಎಂಬುದು ಅವರಿಗಂಟಿದ ಹೆಸರು. ತಿರುಕನೆನಿಸಿಕೊಂಡ ಆ ಮನುಷ್ಯ 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕೂತರು. ಪೀಠವನ್ನು ಬೇಡ ಎನ್ನಲಿಲ್ಲ. ಎರಡೂ ಒಬ್ಬರಲ್ಲೇ ಇದ್ದವು, ಸರಿಯಾಗಿಯೇ ಇದ್ದವು.

ಹೆಸರಿನ ಮಾತು ಬಂದಾಗ ಮಸ್ಕಿಯ ಅಶೋಕನ ಶಾಸನದ ಬಂಡೆಯನ್ನು ಬಿಟ್ಟರೆ ನಮ್ಮೂರಿನವರು ನನ್ನನ್ನು ಬಿಡುವುದಿಲ್ಲ. ಹಟ್ಟಿ ಚಿನ್ನದ ಸೀಮೆಯಲ್ಲಿ ಓಡಾಡುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಆ ಶಾಸನ ಕಂಡ. ಅಶೋಕನದೇ ಶಾಸನದಲ್ಲಿ ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಅಲ್ಲಿ. ಆ ಸಾಲುಗಳಲ್ಲೇ ದೊರೆ ಹೇಳುವುದೇನೆಂದರೆ, ಧರ್ಮದ ಫಲ ದೊಡ್ಡವರಿಗಷ್ಟೇ ಸಿಗುತ್ತದೆ ಎಂದುಕೊಳ್ಳಬೇಡಿ, ಸಣ್ಣವನಿಗೂ ಸಿಗುತ್ತದೆ ಎಂದು. ತನ್ನ ಹೆಸರು ಕೊರೆಸಿ, ಸಣ್ಣವನಿಗೂ ಜಾಗ ಬಿಟ್ಟ.

ನಮ್ಮ ಚರ್ಚಿನ ಹಿರಿಯರಿಗೆ ನನ್ನದೊಂದು ಕೋರಿಕೆ. ಫ್ಯಾನಿನ ಹೆಸರುಗಳನ್ನು ಅಳಿಸಬೇಡಿ, ಮಾಸಿದ್ದರೆ ಇನ್ನೊಂದು ಸಲ ಬರೆಸಿ. ಮೈಕಿಗೆ ಬರುವವರಿಗೆ ಐದು ನಿಮಿಷ ಕೊಡಿ. ಹನ್ನೆರಡು ಜನರ ಪಟ್ಟಿ ಮಾಡುವಾಗ ಪ್ರತಿ ಶನಿವಾರ ಚರ್ಚಿನ ಕಸ ಹೊಡೆಯುವ ಅಕ್ಕನ ಹೆಸರು ಸೇರಿಸಿ. ಹೆಂಗಸರ ಪಾದ ತೊಳೆಯಲು 2016ರಲ್ಲೇ ರೋಮಿನಿಂದ ಅಪ್ಪಣೆ ಬಂದಿದೆ.