ಆಟಕ್ಕೆ ಕೂಲಿಯಿಲ್ಲ

ವಿದ್ಯಾರ್ಥಿಗೆ ಮಾಡುವ ಸಹಾಯದಲ್ಲಿ ಎರಡು ಬಗೆಯುಂಟು. ಅವನಿಗೆ ಅನುಕೂಲವಿಲ್ಲವೆಂಬ ಕಾರಣದಿಂದ ಕೊಡುವುದು ಒಂದು. ಅವನಿಂದ ನಮಗೇನೋ ಆಗಬೇಕಾಗಿದೆಯೆಂಬ ಕಾರಣದಿಂದ ಕೊಡುವುದು ಇನ್ನೊಂದು. ನಮ್ಮ ತಂದೆಯವರ ಕಾಲದಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ವಾರಾನ್ನದ ಹುಡುಗರಿಗೆ ಬಡಿಸಿದ ತಾಯಂದಿರು ಮೊದಲನೆಯ ಬಗೆಗೆ ಸೇರಿದವರು. ಸೋಮವಾರದ ಮನೆಯವರು ಎಲೆ ಹಾಕುವ ಮುನ್ನ ಹುಡುಗನು ಎಷ್ಟು ದೂರ ಓಡಬಲ್ಲನೆಂದು ಕೇಳುತ್ತಿರಲಿಲ್ಲ. ಗರಡಿಯ ಪೈಲ್ವಾನನಿಗೆ ಹಾಲು ಬಾದಾಮಿಗಳನ್ನು ಒದಗಿಸುತ್ತಿದ್ದ ಧಣಿಗಳು ಎರಡನೆಯ ಬಗೆಯವರು. ಗೆದ್ದಷ್ಟು ದಿನ ಹಾಲು. ಬೆನ್ನು ಮಣ್ಣು ಮುಟ್ಟಿದ ಮೇಲೆ ಬರಿಯ ನೀರು. ಈ ಎರಡೂ ಲೋಕದಲ್ಲಿ ಇರತಕ್ಕವೇ. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದಾಗ ಮಾತ್ರ ಧರ್ಮಸೂಕ್ಷ್ಮವು ತಲೆಯೆತ್ತುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಾಲೇಜುಗಳ ಆಟಪಾಟಗಳ ಚರಿತ್ರೆಯೆಲ್ಲವೂ ಈ ತೊಡಕಿನ ಚರಿತ್ರೆಯೇ ಎಂದರೆ ಹೆಚ್ಚಲ್ಲ. ಅಲ್ಲಿ ಎರಡು ಕಾಲೇಜುಗಳು ಮೊಟ್ಟಮೊದಲು ಎದುರೆದುರಾದದ್ದು 1852ರಲ್ಲಿ, ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳ ದೋಣಿಯ ಪಂದ್ಯದಲ್ಲಿ. ಅದರ ವೆಚ್ಚವನ್ನು ವಹಿಸಿದವರು ಪ್ರಯಾಣಿಕರನ್ನು ಸೆಳೆಯಬೇಕೆಂದಿದ್ದ ಒಂದು ರೈಲ್ವೆ ಕಂಪೆನಿಯವರು! ಹೀಗೆ ಮೊದಲನೆಯ ದಿನದಿಂದಲೇ ಆಟದ ಹಿಂದೆ ಹಣವು ನಿಂತಿತ್ತು. 1905ರಲ್ಲಿ ಫುಟ್ಬಾಲ್ ಮೈದಾನಗಳಲ್ಲಿ ಹಲವು ಹುಡುಗರು ಪ್ರಾಣ ಬಿಟ್ಟದ್ದರಿಂದ ದೇಶದಲ್ಲಿ ಕೋಲಾಹಲವೆದ್ದು, 1906ರಲ್ಲಿ ಕಾಲೇಜುಗಳೆಲ್ಲ ಸೇರಿ ಒಂದು ಸಂಘವನ್ನು ಕಟ್ಟಿದುವು. ಇದಕ್ಕೇ 1910ರಿಂದ ಎನ್.ಸಿ.ಎ.ಎ. ಎಂಬ ಹೆಸರು. ಈ ಸಂಘವು 1948ರಲ್ಲಿ ಒಂದು ಕಟ್ಟಳೆಯನ್ನು ಮಾಡಿತು. ಆಟಗಾರನಿಗೆ ಕೊಡುವ ದ್ರವ್ಯಸಹಾಯವು ಅವನ ಬಡತನವನ್ನು ನೋಡಿ ಕೊಡತಕ್ಕದ್ದು, ಅದೂ ಕಾಲೇಜಿನ ಶುಲ್ಕಗಳನ್ನು ಮೀರಕೂಡದು ಎಂಬುದು ಅದರ ತಾತ್ಪರ್ಯ. ಕಟ್ಟಳೆಯೇನೋ ಉತ್ತಮವಾದುದೇ. ಆದರೆ 1950ರಲ್ಲಿ ಅದನ್ನು ಮೀರಿದ 7 ಸಂಸ್ಥೆಗಳನ್ನು ಹೊರಗೆ ಹಾಕಬೇಕೆಂಬ ಸೂಚನೆ ಬಂದಾಗ ಬೇಕಾಗಿದ್ದ ಮೂರರಲ್ಲಿ ಎರಡು ಪಾಲು ಮತಗಳು ಬೀಳಲಿಲ್ಲ. ಮರುವರ್ಷವೇ ಕಟ್ಟಳೆಯು ರದ್ದಾಯಿತು. 1956ರಲ್ಲಿ, ಬಡವನಾಗಲಿ ಬಲ್ಲಿದನಾಗಲಿ, ಆಟದ ಬಲದಿಂದಲೇ ವಿದ್ಯಾರ್ಥಿಗೆ ವೇತನ ಕೊಡಬಹುದೆಂದು ಸಂಘವೇ ಒಪ್ಪಿತು.

ಈ ವೇತನವು ಕೂಲಿಯಲ್ಲವೆಂದು ಅವರು ಬಹುಕಾಲ ಸಾಧಿಸುತ್ತ ಬಂದರು. ಕೊಲೊರಾಡೊ ಸಂಸ್ಥಾನದ ಫೋರ್ಟ್ ಲೂಯಿಸ್ ಎಂಬ ಚಿಕ್ಕ ಕಾಲೇಜಿನ ಯುವಕನೊಬ್ಬನು 1955ರಲ್ಲಿ ಫುಟ್ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡನು. ಕೆಲಸದಲ್ಲಿ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಲ್ಲುವ ಪರಿಹಾರವನ್ನು ಅವನ ವಿಧವೆ ಕೇಳಿದಳು. ಕಾಲೇಜು ಫುಟ್ಬಾಲಿನ ವ್ಯಾಪಾರ ಮಾಡುತ್ತಿಲ್ಲ, ಆದುದರಿಂದ ಅವನು ಕಾರ್ಮಿಕನಲ್ಲ ಎಂದು ಆ ಸಂಸ್ಥಾನದ ಉಚ್ಚತಮ ನ್ಯಾಯಾಲಯವು 1957ರಲ್ಲಿ ತೀರ್ಪು ಕೊಟ್ಟಿತು. ಆಟಕ್ಕೆ ಕೂಲಿಯಿಲ್ಲವೆಂಬ ಮಾತು ಕೇಳಲು ಶುದ್ಧವಾದುದು. ಆದರೆ ಅದರ ಬೆಲೆಯನ್ನು ಕೆಲವೊಮ್ಮೆ ಯಾರೋ ಒಬ್ಬ ಹೆಣ್ಣುಮಗಳು ತೆತ್ತಿರುತ್ತಾಳೆಂಬುದನ್ನು ನಾವು ಮರೆಯತಕ್ಕದ್ದಲ್ಲ.

1973ರಲ್ಲಿ ಸಂಘವು ಕಾಲೇಜುಗಳನ್ನು ಮೂರು ವರ್ಗಗಳಾಗಿ ಒಡೆಯಿತು. ಮೊದಲನೆಯ ಎರಡು ವರ್ಗಗಳವರು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡಬಹುದು. ಮೂರನೆಯ ವರ್ಗದವರು ಕೊಡಕೂಡದು. ಈ ಮೂರನೆಯ ವರ್ಗದಲ್ಲಿ ಇರತಕ್ಕವು ಹೆಚ್ಚಾಗಿ ಚಿಕ್ಕ ಕಾಲೇಜುಗಳು. ಹಾಗೆಂದು ವರ್ಗವು ಚಿಕ್ಕದಲ್ಲ. ಮೂರರಲ್ಲಿ ಇದೇ ದೊಡ್ಡದು. ಸುಮಾರು 430ಕ್ಕೂ ಮಿಕ್ಕ ಸಂಸ್ಥೆಗಳು, ಸುಮಾರು 2 ಲಕ್ಷ ಆಟಗಾರರು ಇದಕ್ಕೆ ಸೇರಿದ್ದಾರೆ. ಇವರಲ್ಲಿ ಬಹುಮಂದಿಗೆ ಒಂದಲ್ಲ ಒಂದು ಬಗೆಯ ದ್ರವ್ಯಸಹಾಯವು ದೊರೆಯುತ್ತದೆ; ಆದರೆ ಅದು ಮನೆಯ ಸ್ಥಿತಿಯನ್ನೋ ಓದಿನ ಯೋಗ್ಯತೆಯನ್ನೋ ನೋಡಿ, ಆಟವಾಡದ ಹುಡುಗರಿಗೆ ಯಾವ ಅಳತೆಯೋ ಅದೇ ಅಳತೆಯಿಂದ ಸಿಕ್ಕತಕ್ಕದ್ದು. ಆಟದ ಶಿಕ್ಷಕನು ಸಹಾಯವನ್ನು ಗೊತ್ತುಮಾಡುವ ಕೆಲಸದಲ್ಲಿ ಕೈಹಾಕಕೂಡದು. ಆಟಗಾರರಿಗೆ ದೊರೆತ ಮೊತ್ತವನ್ನು ಉಳಿದವರ ಮೊತ್ತದೊಡನೆ ಹೋಲಿಸಿ ಕಾಲೇಜು ವರ್ಷವರ್ಷವೂ ಸಂಘಕ್ಕೆ ಲೆಕ್ಕ ಒಪ್ಪಿಸಬೇಕು. ಇವು ಕಾಗದದ ಮೇಲಿನ ಮಾತುಗಳಷ್ಟೇ ಅಲ್ಲ. ಇಲಿನಾಯ್ ಸಂಸ್ಥಾನದ ಮ್ಯಾಕ್‌ಮರ್ರೆ ಎಂಬ ಪುಟ್ಟ ಕಾಲೇಜು ಪರದೇಶದ ಟೆನಿಸ್ ಆಟಗಾರರಿಗೆ ಸಹಾಯಧನ ಸಲ್ಲುವಂತೆ ಮಾಡಿತೆಂದು 2005ರಲ್ಲಿ ಸಂಘವು ಅಲ್ಲಿಯ ಗಂಡಸರ ಟೆನಿಸ್ ತಂಡವನ್ನೇ ಎರಡು ವರ್ಷಗಳ ಕಾಲ ನಿಲ್ಲಿಸಿಬಿಟ್ಟಿತು.

ಈ ನಿಯಮಗಳು ನನಗೆ ಪುಸ್ತಕದ ವಿಷಯವಾಗಿಯೇ ಉಳಿಯುತ್ತಿದ್ದುವೋ ಏನೋ. ನನ್ನ ತಂಗಿಯ ಮಗನು ಮೂವತ್ತು ವರ್ಷಗಳಿಂದ ಒಹಾಯೋ ಸಂಸ್ಥಾನದಲ್ಲಿ ಸಂಸಾರ ಹೂಡಿದ್ದಾನೆ. ಅವನ ಮಗಳು ಅಲ್ಲಿಯೇ ಹುಟ್ಟಿದವಳು. ಕಾಡುಮೇಡುಗಳಲ್ಲಿ ದೂರದ ಓಟ ಓಡುವುದರಲ್ಲಿ ಗಟ್ಟಿಗಳು. ಅವಳ ಹೈಸ್ಕೂಲು ಮುಗಿಯುವ ಹೊತ್ತಿಗೆ, 2022ರ ಮೊದಲಲ್ಲಿ, ನಾನು ಅವರ ಮನೆಯಲ್ಲಿ ಕೆಲವು ತಿಂಗಳು ಇದ್ದೆನು. ಆಗ ಮನೆಯ ಹಣಕಾಸು ಇಕ್ಕಟ್ಟಿನಲ್ಲಿತ್ತು. ಅವನ ಕೆಲಸ ಹೋಗಿ, ಮತ್ತೆ ಸಿಕ್ಕಿದ ಕೆಲಸದಲ್ಲಿ ಸಂಬಳ ಇಳಿದಿತ್ತು. ಆ ದೇಶದ ಖಾಸಗಿ ಕಾಲೇಜುಗಳಲ್ಲಿ ಹಲವಕ್ಕೆ ಊಟ ವಸತಿಗಳು ಸೇರಿ ವರ್ಷಕ್ಕೆ 80,000 ಡಾಲರುಗಳಷ್ಟು ವೆಚ್ಚವೆಂಬುದನ್ನು ನೆನೆದರೆ ತಂದೆಯ ನಿದ್ರೆ ಕೆಟ್ಟುದು ಆಶ್ಚರ್ಯವಲ್ಲ.

ಎರಡು ಕಡೆಯಿಂದ ಕರೆ ಬಂದಿತು. ಎರಡನೆಯ ವರ್ಗದ ಒಂದು ಕಾಲೇಜಿನವರು, ಓಟಕ್ಕಾಗಿ ಶುಲ್ಕದ ಅರ್ಧವನ್ನು ಬಿಡುತ್ತೇವೆ, ಆದರೆ ಅದು ಒಂದು ವರ್ಷದ್ದು, ಮುಂದಿನದು ಮುಂದೆ ಎಂದರು. ಮೂರನೆಯ ವರ್ಗದ ಚಿಕ್ಕ ಕಾಲೇಜೊಂದರ ಶಿಕ್ಷಕರು, ನೀನು ಬಂದರೆ ನನಗೆ ಸಂತೋಷ, ಹಣದ ವಿಷಯದಲ್ಲಿ ಮಾತ್ರ ನಾನು ಒಂದು ಮಾತನ್ನೂ ಆಡುವಂತಿಲ್ಲ ಎಂದು ಬರೆದರು. ಸ್ವಲ್ಪ ದಿನದ ಮೇಲೆ ಆ ಕಾಲೇಜಿನ ಕಚೇರಿಯಿಂದ ಬೇರೆಯೇ ಒಂದು ಪತ್ರ ಬಂದಿತು. ತಂದೆಯ ಆದಾಯ, ಮನೆಯ ಸಾಲ, ಇನ್ನೊಂದು ಮಗುವಿನ ಓದು ಇವುಗಳನ್ನೆಲ್ಲ ಲೆಕ್ಕ ಹಾಕಿ ವೆಚ್ಚದ ಒಂದು ಭಾಗವನ್ನು ಕಾಲೇಜೇ ವಹಿಸುವುದೆಂದು ಅದರಲ್ಲಿತ್ತು. ಓಟದ ಹೆಸರೇ ಇರಲಿಲ್ಲ. ಕೈಯಿಂದ ಕೊಡಬೇಕಾದ ಮೊತ್ತವು ಮೊದಲನೆಯ ಕಾಲೇಜಿಗಿಂತ ಕೊಂಚ ಹೆಚ್ಚೇ ಆಗುತ್ತಿತ್ತು.

ಅಳಿಯನಿಗೆ ಸಿಟ್ಟು ಬಂದಿತು. “ಮಾವ, ಆರು ವರ್ಷ ಬೆಳಗಿನ ಜಾವಕ್ಕೆದ್ದು ಹಿಮದಲ್ಲಿ ಓಡಿದ ಕಾಲಿಗೆ ಏನೂ ಬೆಲೆಯಿಲ್ಲವೆ? ಸಂಗೀತ ಬಲ್ಲ ಹುಡುಗಿಗೆ ಅದೇ ಕಾಲೇಜು ಪಿಟೀಲಿಗಾಗಿ ವೇತನ ಕೊಡುತ್ತದೆ. ಪಿಟೀಲು ವಿದ್ಯೆ, ಓಟ ವಿದ್ಯೆಯಲ್ಲವೆ?” ಎಂದನು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮೂರನೆಯ ವರ್ಗದ ಕಾಲೇಜುಗಳು ಸಂಗೀತ, ನಾಟಕ, ಚಿತ್ರಗಳಿಗೆ ವೇತನ ಕೊಡಬಹುದು. ಆಟಕ್ಕೆ ಮಾತ್ರ ಅಡ್ಡಿ. ನಾನು ಅವನಿಗೆ, “ಪಿಟೀಲು ನುಡಿಸುವವಳು ಎದುರಾಳಿ ಕಾಲೇಜನ್ನು ಸೋಲಿಸಬೇಕೆಂದು ಯಾರೂ ಹಣ ಹೂಡುವುದಿಲ್ಲವಪ್ಪ. ಪಂದ್ಯವಿರುವಲ್ಲಿ ಒಬ್ಬ ನೂರು ಕೊಟ್ಟರೆ ಇನ್ನೊಬ್ಬ ಇನ್ನೂರು ಕೊಡುತ್ತಾನೆ, ಆ ಹಣ ಓದುವ ಹುಡುಗರ ಪಾಲಿನಿಂದಲೇ ಹೋಗಬೇಕು” ಎಂದೆನು. ಅವನಿಗೆ ಅದು ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ಅಷ್ಟು ಸುಲಭವಾಗಿ ಒಪ್ಪಬೇಕಾದುದೂ ಇಲ್ಲ.

ಹುಡುಗಿಯು ನಿರ್ಧಾರ ಮಾಡಿದ್ದು ಬೇರೆ ಕಾರಣದಿಂದ. “ತಾತ, ಓಡುವುದು ಬೇಡವೆನಿಸಿದ ದಿನ ನಾನು ಬಿಡುವ ಹಾಗಿರಬೇಕು” ಎಂದಳು. ಚಿಕ್ಕ ಕಾಲೇಜಿಗೇ ಸೇರಿದಳು. ಎರಡನೆಯ ವರ್ಷ ಅವಳ ಮೊಣಕಾಲ ಕೆಳಗಿನ ಮೂಳೆಯಲ್ಲಿ ಬಿರುಕು ಬಿಟ್ಟು, ಆ ಋತುವಿನಲ್ಲಿ ಅವಳು ಒಂದು ಪಂದ್ಯವನ್ನೂ ಓಡಲಿಲ್ಲ. ಆ ವರ್ಷದ ಸಹಾಯಪತ್ರವು ಹಿಂದಿನ ವರ್ಷದ ಹಾಗೆಯೇ ಬಂದಿತು. ಕಾಲಿನ ಸಮಾಚಾರವನ್ನು ಅದು ಕೇಳಿರಲೂ ಇಲ್ಲ. ಅಳಿಯನು ಟೆಲಿಫೋನಿನಲ್ಲಿ ಇದನ್ನು ಹೇಳುವಾಗ ಅವನ ಧ್ವನಿಯಲ್ಲಿ ಮೊದಲಿನ ಸಿಟ್ಟಿರಲಿಲ್ಲ. ಮೊದಲನೆಯ ವರ್ಗದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಾಲ್ಕು ವರ್ಷಗಳ ವೇತನವನ್ನು 1973ರಲ್ಲಿ ವರ್ಷವರ್ಷಕ್ಕೆ ನವೀಕರಿಸುವ ವೇತನವಾಗಿ ಮಾರ್ಪಡಿಸಿದರು. ಹಲವು ವರ್ಷಗಳ ವೇತನಕ್ಕೆ ಮತ್ತೆ ಅವಕಾಶ ಬಂದದ್ದು 2012ರಲ್ಲಿ. ನಡುವಣ ನಾಲ್ಕು ದಶಕಗಳ ಕಾಲ ಕಾಲು ನೊಂದ ಹುಡುಗನ ಓದು ಶಿಕ್ಷಕನ ಮನಸ್ಸನ್ನು ಅವಲಂಬಿಸಿ ನಿಂತಿತ್ತು.

ಆದರೆ ವಾಚಕರು ಈ ವ್ಯವಸ್ಥೆಯು ಕಳಂಕವಿಲ್ಲದ್ದೆಂದು ಭಾವಿಸಬಾರದು. ನಿಯಮವು ಖಜಾನೆಯ ಬಾಗಿಲನ್ನು ಕಾಯುತ್ತದೆ, ತಲೆಬಾಗಿಲನ್ನು ಕಾಯುವುದಿಲ್ಲ. ಹೆಸರಾಂತ ಚಿಕ್ಕ ಕಾಲೇಜುಗಳಲ್ಲಿ ಪ್ರವೇಶವೇ ದುರ್ಲಭವಾಗಿರುವಾಗ, ಶಿಕ್ಷಕನು ಬೇಕೆಂದು ಗುರುತು ಮಾಡಿದ ಆಟಗಾರನಿಗೆ ಪ್ರವೇಶದಲ್ಲಿ ದೊಡ್ಡ ಅನುಕೂಲವಾಗುತ್ತದೆಂಬುದನ್ನು ಶುಲ್ಮನ್ ಮತ್ತು ಬೋವನ್ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಂಕಿ ಅಂಶಗಳೊಡನೆ ತೋರಿಸಿಕೊಟ್ಟರು. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಆಟಗಾರರು ನೂರಕ್ಕೆ ಮೂರು ನಾಲ್ಕು ಮಂದಿಯಾದರೆ ಕೆಲವು ಚಿಕ್ಕ ಕಾಲೇಜುಗಳಲ್ಲಿ ಮೂವರಲ್ಲಿ ಒಬ್ಬರು ಆಟಗಾರರೇ. ದೋಣಿ ಹುಟ್ಟುಹಾಕುವುದು, ಸ್ಕ್ವಾಷ್, ಕತ್ತಿವರಸೆ ಮೊದಲಾದ ಆಟಗಳನ್ನು ಕಲಿಸಬಲ್ಲವರು ಉಳ್ಳವರೇ ಅಲ್ಲವೆ? ಅಂದಮೇಲೆ ಹಣವಿದ್ದವನ ಮಗನು ಹಣ ಕೇಳದೆಯೇ ಒಳಗೆ ಬರುತ್ತಾನೆ. ಅವನ ವಿಷಯದಲ್ಲಿ ಸಹಾಯದ ನಿಯಮವು ಎಲ್ಲಿಯೂ ಮುರಿದಂತಾಗುವುದಿಲ್ಲ.

ಮತ್ತೊಂದು ಸಂಗತಿ. ಅಲ್ಲಿಯ ಖಾಸಗಿ ಕಾಲೇಜುಗಳು ಹೇಳುವ ಶುಲ್ಕವು ಬಟ್ಟೆಯಂಗಡಿಯವನು ಮೊದಲು ಹೇಳುವ ಬೆಲೆಯಿದ್ದಂತೆ. ಇತ್ತೀಚಿನ ವರ್ಷಗಳಲ್ಲಿ ಹೊಸದಾಗಿ ಸೇರುವವರಿಗೆ ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಟ್ಟುಕೊಡುತ್ತಿದ್ದಾರೆ. ವಿದ್ಯಾರ್ಥಿಗಳು ಸಾಲದ ಬಡ ಕಾಲೇಜಿಗೆ ಒಂದು ತಂಡವೆಂದರೆ ಶುಲ್ಕ ಕೊಡುವ ಐವತ್ತು ಮಂದಿ ಹುಡುಗರು. ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಆಟದ ವೇತನಗಳ ಭಾರವನ್ನು ತಾಳಲಾರದೆ 2006ರಲ್ಲಿ ಮೊದಲನೆಯ ವರ್ಗವನ್ನು ಬಿಟ್ಟು ಮೂರನೆಯದಕ್ಕೆ ಇಳಿಯಲು ನಿಶ್ಚಯಿಸಿ, ಅದರೊಡನೆ ಫುಟ್ಬಾಲ್ ತಂಡವನ್ನು ಹೊಸದಾಗಿ ಕಟ್ಟಿತು. ಆದರೂ ಕಾಲೇಜು ಉಳಿಯಲಿಲ್ಲ. 2024ರ ಮೇ 31ರಂದು ಅದು ಮುಚ್ಚಿಹೋಯಿತು. ಅದೇ ದಿನ ಅದರ ಬೇಸ್‌ಬಾಲ್ ತಂಡವು ಮೂರನೆಯ ವರ್ಗದ ರಾಷ್ಟ್ರೀಯ ಕೊನೆಯ ಸುತ್ತಿನಲ್ಲಿ ಆಡುತ್ತಿತ್ತು. ಆ ಹುಡುಗರಿಗೆ ಆಟಕ್ಕೆಂದು ಒಂದು ಕಾಸೂ ದೊರೆತಿರಲಿಲ್ಲ, ಆಡಲು ಕಾಲೇಜೂ ಉಳಿದಿರಲಿಲ್ಲ, ಆದರೂ ಆಡಿದರು.

ಇತ್ತ ಮೊದಲನೆಯ ವರ್ಗದಲ್ಲಿ ಮುಸುಕು ಪೂರ್ತಿಯಾಗಿ ಸರಿದಿದೆ. 2025ರ ಜೂನಿನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯ ಮೇರೆಗೆ ಒಂದೊಂದು ವಿಶ್ವವಿದ್ಯಾನಿಲಯವೂ ತನ್ನ ಆಟಗಾರರಿಗೆ ಮೊದಲನೆಯ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ನೇರವಾಗಿ ಹಂಚಬಹುದೆಂದಾಯಿತು. ಕೋಟಿಗಟ್ಟಲೆ ಹಣ ತರುವವರಿಗೆ ಪಾಲು ಕೊಡುವುದು ನ್ಯಾಯವೇ ಸರಿ. ಆ ವಿಧವೆಯ ಮೊರೆಗೆ ತಡವಾಗಿಯಾದರೂ ಅಷ್ಟು ಉತ್ತರ ಬಂದಂತಾಯಿತೆನ್ನಬಹುದು. ಅದು ಕೂಲಿ, ಕೂಲಿಯೆಂದೇ ಕರೆಯಲಿ. ನೋಡುವವರು ತಂದೆತಾಯಿಗಳು ಮಾತ್ರವೇ ಆಗಿರುವ ಚಿಕ್ಕ ಮೈದಾನಗಳಲ್ಲಿ ಹಂಚಿಕೊಳ್ಳಲು ಲಾಭವೆಂಬುದೇ ಇಲ್ಲ. ಅಲ್ಲಿ ಇರುವುದು ವಿದ್ಯಾರ್ಥಿಗಳಿಗೆಂದು ಕೂಡಿಟ್ಟ ಅನ್ನ ಮಾತ್ರ. ಅದನ್ನು ಹಸಿವಿನ ಅಳತೆಯಿಂದ ಬಡಿಸುವುದೇ ಧರ್ಮವೆಂದು ನನಗೆ ತೋರುತ್ತದೆ. ಪ್ರವೇಶದ ಬಾಗಿಲಲ್ಲಿಯೂ ಅದೇ ಲೆಕ್ಕಪತ್ರವನ್ನು ಇಡುವಂತಾದರೆ ಆ ಧರ್ಮವು ಪೂರ್ಣವಾದೀತು.

ಮಕ್ಕಳನ್ನು ಆ ದೇಶಕ್ಕೆ ಕಳುಹಿಸಬೇಕೆಂದಿರುವ ಗೃಹಸ್ಥರು ನಮ್ಮಲ್ಲಿಯೂ ಅನೇಕರಿದ್ದಾರೆ. ಅಲ್ಲಿಯ ಸರಕಾರದ ವಿದ್ಯಾರ್ಥಿ ಸಹಾಯವು ನಮ್ಮ ಪ್ರಜೆಗಳಿಗೆ ಸಲ್ಲದು. ಕಾಲೇಜು ತನ್ನ ಸ್ವಂತ ನಿಧಿಯಿಂದ ಕೊಟ್ಟರೆ ಉಂಟು. ಹಾಗೆ ಕೊಡುವೆವೆಂಬ ಪತ್ರವು ಕೈಗೆ ಬಂದಾಗ ಮೊತ್ತವನ್ನು ನೋಡಿ ಹಿಗ್ಗುವುದಕ್ಕೆ ಮುಂಚೆ ಎರಡು ಮಾತುಗಳನ್ನು ಕೇಳಿ ತಿಳಿಯುವುದು ಲೇಸು. ಇದು ಎಷ್ಟು ವರ್ಷದ್ದು? ನಾಳೆ ಮಗುವಿನ ಕಾಲು ನೊಂದರೆ, ಅಥವಾ ಮನಸ್ಸೇ ಬೇರೆಯ ಕಡೆ ತಿರುಗಿದರೆ, ಇದು ನಿಲ್ಲುತ್ತದೆಯೆ? ಈ ಎರಡಕ್ಕೂ ನೆಟ್ಟನೆಯ ಉತ್ತರವನ್ನು ಕೊಡುವ ಕಾಲೇಜು, ಕೊಡುವ ಹಣವು ಕೊಂಚ ಕಡಮೆಯಾಗಿದ್ದರೂ, ಮಗುವನ್ನು ನಂಬಿ ಒಪ್ಪಿಸತಕ್ಕ ಕಾಲೇಜು.